ಹೊಸ ಒಡಂಬಡಿಕೆಯ ರೋಮನ್ ಸೈನಿಕರು: ಹುಣಸೂರು ಸೀಮೆಯ ಇತಿಹಾಸದ ಬೆಳಕಿನಲ್ಲಿ ಒಂದು ಪರಿಚಯ

ಪವಿತ್ರ ವಾರದಲ್ಲಿ ಯೇಸುಸ್ವಾಮಿಯ ಯಾತನೆಯ ವೃತ್ತಾಂತವನ್ನು ನಾವೆಲ್ಲರೂ ಕೇಳುತ್ತೇವೆ. ಶಿಲುಬೆ ಹಾದಿಯ ಚಿತ್ರಗಳಲ್ಲಿ, ನಾಟಕಗಳಲ್ಲಿ, ಚಲನಚಿತ್ರಗಳಲ್ಲಿ ಕೆಂಪು ಮೇಲಂಗಿ ತೊಟ್ಟು ಶಿರಸ್ತ್ರಾಣ ಧರಿಸಿದ ಸೈನಿಕರನ್ನು ನೋಡುತ್ತೇವೆ. ಆದರೆ ಅವರು ಯಾರು, ಎಲ್ಲಿಂದ ಬಂದವರು, ಯಾರ ಸಂಬಳ ಪಡೆಯುತ್ತಿದ್ದರು, ಯಾವ ಭಾಷೆ ಆಡುತ್ತಿದ್ದರು ಎಂದು ಧರ್ಮೋಪದೇಶ ತರಗತಿಯ ಮಕ್ಕಳು ಕೇಳಿದರೆ ನಮ್ಮಲ್ಲಿ ಅನೇಕರಿಗೆ ಉತ್ತರ ಸಿಗುವುದಿಲ್ಲ. ಶುಭಸಂದೇಶಗಳಲ್ಲೂ ಪ್ರೇಷಿತರ ಕಾರ್ಯಕಲಾಪಗಳಲ್ಲೂ ಸೈನಿಕರು ಹೆಜ್ಜೆಹೆಜ್ಜೆಗೂ ಎದುರಾಗುತ್ತಾರೆ. ಯೇಸುವನ್ನು ಹಿಂಸಿಸಿದವರು ಅವರೇ. ಯೆಹೂದ್ಯರಲ್ಲದವರ ಪೈಕಿ ಮೊದಲಿಗೆ ವಿಶ್ವಾಸ ಪ್ರಕಟಿಸಿದವರಲ್ಲೂ ಅವರಿದ್ದಾರೆ. ಈ ಎರಡನ್ನೂ ಒಟ್ಟಿಗೆ ಅರ್ಥಮಾಡಿಕೊಳ್ಳಲು ಚಾರಿತ್ರಿಕ ಹಿನ್ನೆಲೆ ಬೇಕು. ಆ ಹಿನ್ನೆಲೆಯನ್ನು ಸರಳವಾಗಿ ತಿಳಿಸುವುದೇ ಈ ಲೇಖನದ ಉದ್ದೇಶ.

ಹುಣಸೂರು ಸೀಮೆಯ ಮಾತು ಇಲ್ಲಿ ಏಕೆ?

ಎರಡು ಸಾವಿರ ವರ್ಷ ಹಿಂದಿನ ಜುದೇಯ ನಾಡು ನಮಗೆ ದೂರದ್ದು. ಆದರೆ ಸಾಮ್ರಾಜ್ಯ, ಸಾಮಂತ, ಕೋಟೆ, ದಂಡು, ಬಿಟ್ಟಿ ಇವು ನಮಗೆ ಹೊಸ ಮಾತುಗಳಲ್ಲ. ಕರಾವಳಿಯಿಂದ ಮಡಿಕೇರಿಯ ಮಾರ್ಗವಾಗಿ ಮೈಸೂರಿಗೆ ಹೋಗುವವರು ಪಿರಿಯಾಪಟ್ಟಣ ಮತ್ತು ಹುಣಸೂರುಗಳನ್ನು ದಾಟಿಯೇ ಹೋಗಬೇಕು. ದೋರನಹಳ್ಳಿಯ ಸಂತ ಅಂತೋಣಿಯವರ ಬಸಿಲಿಕಾಕ್ಕೆ ಹರಕೆ ಹೊತ್ತು ಹೋಗುವವರಿಗೆ ಕೃಷ್ಣರಾಜನಗರದ ದಾರಿ ಪರಿಚಿತ. ಹೆಗ್ಗಡದೇವನಕೋಟೆಯ ಹೆಸರಿನಲ್ಲಿಯೇ ಕೋಟೆ ಇದೆ. ಮೈಸೂರು ಧರ್ಮಪ್ರಾಂತ್ಯಕ್ಕೆ ಸೇರಿದ ಈ ನಾಲ್ಕು ತಾಲೂಕುಗಳ ನೆಲದಲ್ಲಿ ಚೋಳರು, ಹೊಯ್ಸಳರು, ವಿಜಯನಗರದವರು, ಮೈಸೂರು ಅರಸರು, ಕೊನೆಗೆ ಬ್ರಿಟಿಷರು ಒಬ್ಬರ ನಂತರ ಒಬ್ಬರಂತೆ ದಂಡು ನಡೆಸಿದ್ದಾರೆ. ಪರರ ಸೇನೆಯ ಕೆಳಗೆ ಜನ ಹೇಗೆ ಬದುಕುತ್ತಿದ್ದರು ಎಂಬುದಕ್ಕೆ ಇಲ್ಲಿನ ಶಾಸನಗಳೂ ಕೋಟೆಗಳೂ ಸಾಕ್ಷಿ. ಆದ್ದರಿಂದ ಗಲಿಲೇಯವನ್ನು ವಿವರಿಸಲು ಈ ಸೀಮೆಯಿಂದ ಕೆಲವು ಉದಾಹರಣೆಗಳನ್ನು ತೆಗೆದುಕೊಂಡಿದ್ದೇವೆ.

ಯೇಸುವಿನ ಕಾಲದ ಜುದೇಯದಲ್ಲಿ ಇದ್ದ ಸೇನೆ ಯಾವುದು?

ಮೊದಲು ತಿದ್ದಿಕೊಳ್ಳಬೇಕಾದ ಸಾಮಾನ್ಯ ತಪ್ಪು ತಿಳುವಳಿಕೆ ಇದು: ಯೇಸುವಿನ ಕಾಲದಲ್ಲಿ ಜೆರುಸಲೇಮಿನಲ್ಲಿ ರೋಮಿನ 'ಲೀಜನ್' ಎಂಬ ಮಹಾಸೇನೆ ನೆಲೆಸಿರಲಿಲ್ಲ.

ಮಹಾ ಹೆರೋದನ ಮಗ ಅರ್ಖೆಲಾವನನ್ನು ಚಕ್ರವರ್ತಿ ಅಗಸ್ತನು ಕ್ರಿ.ಶ. 6ರಲ್ಲಿ ಪದಚ್ಯುತಗೊಳಿಸಿದನು. ಅಂದಿನಿಂದ ಜುದೇಯ ಮತ್ತು ಸಮಾರಿಯಗಳು ರೋಮಿನ ನೇರ ಆಳ್ವಿಕೆಗೆ ಬಂದವು. ಅಲ್ಲಿಗೆ ಬಂದ ರಾಜ್ಯಪಾಲರು ಅತ್ಯುನ್ನತ ಶ್ರೇಣಿಯವರಲ್ಲ, 'ಪ್ರಿಫೆಕ್ಟ್' ಎಂಬ ಎರಡನೆಯ ದರ್ಜೆಯ ಅಧಿಕಾರಿಗಳು. ಕ್ರಿ.ಶ. 26ರಿಂದ 36ರವರೆಗೆ ಆ ಹುದ್ದೆಯಲ್ಲಿದ್ದವನು ಪೊಂತ್ಯ ಪಿಲಾತ. 1961ರಲ್ಲಿ ಸೆಜರೇಯದ ರಂಗಮಂದಿರದ ಅವಶೇಷಗಳಲ್ಲಿ ದೊರೆತ ಕಲ್ಬರಹವೊಂದರಲ್ಲಿ ಅವನ ಹೆಸರೂ ಪ್ರಿಫೆಕ್ಟ್ ಎಂಬ ಪದವಿಯೂ ಕೆತ್ತಲ್ಪಟ್ಟಿವೆ.

ಪಿಲಾತನ ಕೈಯಲ್ಲಿ ಲೀಜನ್ ಇರಲಿಲ್ಲ. ನಾಲ್ಕು ಲೀಜನ್‌ಗಳು ಉತ್ತರದ ಸಿರಿಯದಲ್ಲಿ ಬೇರೊಬ್ಬ ದೊಡ್ಡ ಅಧಿಕಾರಿಯ ಕೆಳಗಿದ್ದವು. ಜುದೇಯದಲ್ಲಿ ಇದ್ದದ್ದು ಸಹಾಯಕ ದಳಗಳು. ಯೆಹೂದ್ಯ ಇತಿಹಾಸಕಾರ ಜೋಸೆಫಸ್ ಕ್ರಿ.ಶ. 44ರ ಘಟನೆಗಳನ್ನು ಬರೆಯುವಾಗ ಐದು ಕಾಲಾಳು ದಳಗಳನ್ನೂ ಒಂದು ಕುದುರೆ ದಳವನ್ನೂ ಹೆಸರಿಸುತ್ತಾನೆ. ಒಟ್ಟು ಸುಮಾರು ಮೂರು ಸಾವಿರ ಜನ. ಪಿಲಾತನ ಕಾಲದಲ್ಲೂ ಬಹುಮಟ್ಟಿಗೆ ಇವರೇ ಇದ್ದರು ಎಂದು ವಿದ್ವಾಂಸರು ಭಾವಿಸುತ್ತಾರೆ.

ಈ ಸೈನಿಕರು ರೋಮ್ ನಗರದಿಂದ ಬಂದವರಲ್ಲ. ಹೆಚ್ಚಿನವರು ಸಮಾರಿಯ ಪ್ರದೇಶದ ಸೆಬಾಸ್ತೆ ಮತ್ತು ಸೆಜರೇಯ ಪಟ್ಟಣಗಳ ಯೆಹೂದ್ಯೇತರರು. ಗ್ರೀಕ್ ಬಲ್ಲವರು, ಅರಮಾಯಿಕ್ ಭಾಷೆಯೂ ಅವರಿಗೆ ಅಪರಿಚಿತವಲ್ಲ. ಯೆಹೂದ್ಯರು ಸಬ್ಬತ್ ದಿನವನ್ನೂ ಆಹಾರ ನಿಯಮಗಳನ್ನೂ ಪಾಲಿಸಬೇಕಾದ ಕಾರಣ ರೋಮನರು ಅವರಿಗೆ ಸೈನಿಕ ಸೇವೆಯಿಂದ ವಿನಾಯಿತಿ ನೀಡಿದ್ದರು. ಹೀಗಾಗಿ ಜೆರುಸಲೇಮಿನ ಜನರಿಗೆ ಕಾವಲು ನಿಂತವರು ದೂರದ ವಿದೇಶಿಯರಲ್ಲ, ನೆರೆಯ ಊರಿನ ಹಳೆಯ ವೈರಿಗಳು. ಯೇಸುವಿಗೆ ಮುಳ್ಳಿನ ಕಿರೀಟ ತೊಡಿಸಿ ಯೆಹೂದ್ಯರ ಅರಸನೆಂದು ಅಣಕಿಸಿದ ದೃಶ್ಯವನ್ನು ಓದುವಾಗ ಈ ಸಂಗತಿ ನೆನಪಿರಬೇಕು. ಆ ಅಣಕದಲ್ಲಿ ಒಬ್ಬ ಕೈದಿಯ ಮೇಲಿನ ಕ್ರೌರ್ಯವಷ್ಟೇ ಅಲ್ಲ, ಅವನ ಇಡೀ ಜನಾಂಗದ ಮೇಲಿನ ತಿರಸ್ಕಾರವೂ ಇತ್ತು.

ಲೆಕ್ಕವನ್ನೂ ತಿಳಿದಿರಲಿ. ಶತಾಧಿಪತಿ ಎಂದರೆ ನೂರು ಜನರ ಒಡೆಯನೆಂದು ಅರ್ಥವಾದರೂ ಅವನ ತುಕಡಿಯಲ್ಲಿ ಸಾಮಾನ್ಯವಾಗಿ ಇರುತ್ತಿದ್ದವರು 80 ಜನ. ಅಂಥ ಆರು ತುಕಡಿ ಸೇರಿದರೆ ಒಂದು ದಳ, ಅಂದರೆ ಸುಮಾರು 480 ಜನ. ಹತ್ತು ದಳ ಸೇರಿದರೆ ಒಂದು ಲೀಜನ್, ಸುಮಾರು 5,000 ಜನ. ಕನ್ನಡದ ಹಳೆಯ ಬೈಬಲ್ ಅನುವಾದದಲ್ಲಿ ದಳಕ್ಕೆ 'ಪಟಾಲಮ್' ಎಂಬ ಮಾತು ಬಳಕೆಯಾಗಿದೆ. ಇದು ಕಂಪನಿ ಸರ್ಕಾರದ ಕಾಲದಲ್ಲಿ ನಮ್ಮ ಜನರ ಬಾಯಲ್ಲಿ ನೆಲೆಸಿದ 'ಬೆಟಾಲಿಯನ್' ಎಂಬುದರ ರೂಪ. ಅನುವಾದಕರು ತಮ್ಮ ಕಣ್ಣೆದುರಿಗಿದ್ದ ಸೇನೆಯ ಮಾತಿನಿಂದಲೇ ರೋಮಿನ ಸೇನೆಯನ್ನು ಅರ್ಥಮಾಡಿಸಿದರು.

ಒಡೆಯನ ಹೆಸರನ್ನು ಹೊತ್ತವರು

ಹೊಸ ಒಡಂಬಡಿಕೆಯಲ್ಲಿ 'ಕ್ಲೌದಿಯ ಲೂಸಿಯ' ಎಂಬ ಸಹಸ್ರಾಧಿಪತಿ ಬರುತ್ತಾನೆ. ಅವನ ಎರಡನೆಯ ಹೆಸರು ಗ್ರೀಕ್, ಮೊದಲನೆಯದು ರೋಮಿನ ಚಕ್ರವರ್ತಿ ಮನೆತನದ್ದು. ತಾನು ಭಾರಿ ಹಣ ತೆತ್ತು ರೋಮಿನ ಪೌರತ್ವ ಪಡೆದೆನೆಂದು ಅವನೇ ಸಂತ ಪೌಲನಿಗೆ ತಿಳಿಸುತ್ತಾನೆ (ಪ್ರೇ.ಕಾ. 22:28). ಪೌರತ್ವ ಪಡೆದವರು ಅದನ್ನು ಕೊಟ್ಟ ಒಡೆಯನ ಹೆಸರನ್ನೂ ತೊಡುವುದು ಆಗಿನ ಪದ್ಧತಿ. ಸಹಾಯಕ ದಳದ ಸೈನಿಕನು 25 ವರ್ಷ ದುಡಿದರೆ ಕೊನೆಗೆ ಸಿಗುವ ದೊಡ್ಡ ಬಹುಮಾನ ಈ ಪೌರತ್ವವೇ. ಹೆರೋದನ ಮೊಮ್ಮಗ ಒಂದನೆಯ ಅಗ್ರಿಪ್ಪನೂ ಅಧಿಕೃತವಾಗಿ 'ಜೂಲಿಯ' ಎಂಬ ರೋಮಿನ ಕುಲನಾಮ ಹೊತ್ತಿದ್ದನು.

ಇದು ನಮ್ಮ ನೆಲದಲ್ಲೂ ನಡೆದದ್ದೇ. ಪಿರಿಯಾಪಟ್ಟಣ, ಹುಣಸೂರು ಸುತ್ತಿನ ಪ್ರದೇಶವನ್ನು ಆಳುತ್ತಿದ್ದವರು ಚಂಗಾಳ್ವರು. 11ನೇ ಶತಮಾನದ ಆರಂಭದಲ್ಲಿ ಚೋಳರ ಸೇನೆ ಅವರನ್ನು ಪನಸೋಗೆಯಲ್ಲಿ ಸೋಲಿಸಿತು. ಪನಸೋಗೆ ಎಂದರೆ ಕೃಷ್ಣರಾಜನಗರದ ಕಡೆಯ ಇಂದಿನ ಹನಸೋಗೆ. ಆ ಯುದ್ಧದಲ್ಲಿ ಚೋಳರ ಪರವಾಗಿ ಪರಾಕ್ರಮ ತೋರಿದ ಮನಿಜನೆಂಬವನಿಗೆ ರಾಜರಾಜ ಚೋಳನು ಬಿರುದನ್ನೂ ಮಾಳಂಬಿಯನ್ನೂ ಕೊಟ್ಟನು. ಸೋತ ಚಂಗಾಳ್ವರು ಸಾಮಂತರಾಗಿ ಮುಂದುವರಿದರು ಮತ್ತು ತಮ್ಮ ಹೆಸರಿನ ಮುಂದೆ ಒಡೆಯನ ಹೆಸರನ್ನು ಧರಿಸಿದರು. ಅವರಲ್ಲಿ ಒಬ್ಬನ ಹೆಸರು ಶಾಸನಗಳಲ್ಲಿ 'ರಾಜೇಂದ್ರ ಚೋಳ ನನ್ನಿ ಚಂಗಾಳ್ವ' ಎಂದೇ ಇದೆ.

ಹೆರೋದ ವಂಶದ ಅರಸರನ್ನು ಹೀಗೆಯೇ ನೋಡಬೇಕು. ಊರಿನವರ ಕಣ್ಣಿಗೆ ಅರಸ, ರೋಮಿನ ಕಣ್ಣಿಗೆ ಸಾಮಂತ. ಸಣ್ಣ ಸೇನೆ ಇಟ್ಟುಕೊಳ್ಳಬಹುದು, ತೆರಿಗೆ ಎತ್ತಬಹುದು, ಆದರೆ ಒಡೆಯನು ಬೇಡವೆಂದ ದಿನ ಕುರ್ಚಿ ಹೋಗುತ್ತದೆ. ಹೆರೋದ ಅಂತಿಪನಿಗೂ ಕ್ರಿ.ಶ. 39ರಲ್ಲಿ ಹಾಗೆಯೇ ಆಯಿತು. ಅವನನ್ನು ಗಡಿಪಾರು ಮಾಡಲಾಯಿತು.

ಕಫೆರ್ನವುಮಿನ ಶತಾಧಿಪತಿ

ಮತ್ತಾಯ 8:5-13 ಮತ್ತು ಲೂಕ 7:1-10ರಲ್ಲಿ ಬರುವ ಶತಾಧಿಪತಿ ನಮಗೆಲ್ಲ ಪರಿಚಿತ. ಪರಮಪ್ರಸಾದ ಸ್ವೀಕರಿಸುವ ಮುನ್ನ ನಾವು ಹೇಳುವ ಪ್ರಾರ್ಥನೆ ಅವನ ಮಾತುಗಳನ್ನೇ ಆಧರಿಸಿದೆ. ಪ್ರತಿ ಬಲಿಪೂಜೆಯಲ್ಲೂ ಜಗತ್ತಿನ ಕಥೋಲಿಕರೆಲ್ಲ ಒಬ್ಬ ಅನ್ಯಧರ್ಮೀಯ ಸೇನಾಧಿಕಾರಿಯ ಮಾತನ್ನು ತಮ್ಮ ಬಾಯಲ್ಲಿ ತೆಗೆದುಕೊಳ್ಳುತ್ತಾರೆ ಎಂಬುದು ಗಮನಿಸಬೇಕಾದ ವಿಷಯ.

ಆದರೆ ಅವನು ರೋಮಿನ ಸೇನೆಯವನೇ? ಬಹುಶಃ ಅಲ್ಲ. ಯೇಸುವಿನ ಕಾಲದಲ್ಲಿ ಗಲಿಲೇಯ ರೋಮಿನ ನೇರ ಆಳ್ವಿಕೆಯಲ್ಲಿರಲಿಲ್ಲ. ಅದು ಹೆರೋದ ಅಂತಿಪನ ಪಾಲು. ಕಫೆರ್ನವುಮ್ ಅಂತಿಪನ ಗಡಿಯ ಊರು, ಸರೋವರದ ಆಚೆ ಅವನ ಸಹೋದರ ಫಿಲಿಪ್ಪನ ಪ್ರಾಂತ್ಯ. ಸುಂಕದ ಕಟ್ಟೆ ಅಲ್ಲಿ ಇದ್ದದ್ದೂ ಅದಕ್ಕಾಗಿಯೇ. ಮತ್ತಾಯನು ಕುಳಿತಿದ್ದದ್ದು ಅಂಥ ಕಟ್ಟೆಯಲ್ಲಿಯೇ. ಆದ್ದರಿಂದ ಈ ಶತಾಧಿಪತಿ ಅಂತಿಪನ ಸೇನೆಯಲ್ಲಿ ಸಂಬಳಕ್ಕಿದ್ದ, ಯೆಹೂದ್ಯನಲ್ಲದ ಅಧಿಕಾರಿ ಎಂಬುದು ಅನೇಕ ವಿದ್ವಾಂಸರ ಅಭಿಪ್ರಾಯ. ಅಂತಿಪನು ತನ್ನ ಸೇನೆಯನ್ನು ರೋಮಿನ ಮಾದರಿಯಲ್ಲಿಯೇ ಕಟ್ಟಿದ್ದರಿಂದ ಪದವಿಗಳ ಹೆಸರು ಒಂದೇ.

ಈ ಮನುಷ್ಯನು ಊರಿನವರಿಗೆ ಪ್ರಾರ್ಥನಾ ಮಂದಿರ ಕಟ್ಟಿಸಿಕೊಟ್ಟಿದ್ದನೆಂದು ಲೂಕನು ಬರೆಯುತ್ತಾನೆ. ಯೆಹೂದ್ಯ ಹಿರಿಯರೇ ಅವನ ಪರವಾಗಿ ಬಂದು ಯೇಸುವನ್ನು ಕೇಳಿಕೊಳ್ಳುತ್ತಾರೆ. ಯೇಸು ತನ್ನ ಮನೆಯೊಳಗೆ ಬಂದರೆ ಯೆಹೂದ್ಯ ನಿಯಮದಂತೆ ಮೈಲಿಗೆಯಾಗುತ್ತದೆಂದು ಬಲ್ಲ ಅವನು ಆ ಮುಜುಗರವನ್ನು ತಾನೇ ತಪ್ಪಿಸುತ್ತಾನೆ. ಆಜ್ಞೆ ಕೊಡುವುದು, ಆಜ್ಞೆ ಪಾಲಿಸುವುದು ಅವನ ದಿನದ ಕೆಲಸ. ಆ ಅನುಭವದಿಂದಲೇ ಅವನು ಯೇಸುವಿನ ಮಾತಿನ ಅಧಿಕಾರವನ್ನು ಗುರುತಿಸುತ್ತಾನೆ. ವಿಶ್ವಾಸವು ವೃತ್ತಿಯ ಅನುಭವದ ಮೂಲಕವೇ ಬಂದದ್ದಕ್ಕೆ ಇದು ಸುಂದರ ಉದಾಹರಣೆ.

ಸಂಬಳ, ಸುಲಿಗೆ ಮತ್ತು ಬಿಟ್ಟಿ

ಅಗಸ್ತನ ಕಾಲದಿಂದ ಲೀಜನ್ ಸೈನಿಕನ ವಾರ್ಷಿಕ ಸಂಬಳ 225 ದೆನಾರಿ ನಾಣ್ಯಗಳು. ಅದರಲ್ಲಿ ಬಟ್ಟೆ, ಆಯುಧ, ಡೇರೆಯ ಖರ್ಚು ಕಳೆಯುತ್ತಿತ್ತು. ಕ್ರಿ.ಶ. 14ರಲ್ಲಿ ಸೈನಿಕರು ದಂಗೆ ಎದ್ದಾಗ ಇದೇ ಅವರ ದೂರು ಎಂದು ರೋಮಿನ ಇತಿಹಾಸಕಾರ ತಾಸಿತಸ್ ಬರೆಯುತ್ತಾನೆ. ರಜೆಗೂ ಹಗುರ ಕೆಲಸಕ್ಕೂ ಶತಾಧಿಪತಿಗಳಿಗೆ ಲಂಚ ಕೊಡಬೇಕಿತ್ತು. ಮೇಲಿನವರಿಗೆ ತೆತ್ತ ಹಣವನ್ನು ಕೆಳಗಿನವರಿಂದ, ಅಂದರೆ ಹಳ್ಳಿಯ ಜನರಿಂದ, ವಸೂಲಿ ಮಾಡುವುದು ಸುಲಭದ ದಾರಿ.

ಅಂದ ಹಾಗೆ, ಆ ದೆನಾರಿ ನಾಣ್ಯ ನಮಗೆ ಪೂರ್ತಿ ಅಪರಿಚಿತವಲ್ಲ. ಅಗಸ್ತ ಮತ್ತು ತಿಬೇರಿಯ ಚಕ್ರವರ್ತಿಗಳ ಬೆಳ್ಳಿಯ ದೆನಾರಿಗಳು ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ಸಿಕ್ಕಿವೆ. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ಅಂಥ 163 ನಾಣ್ಯಗಳ ನಿಧಿಯೇ ದೊರೆಯಿತು. ಇವು ವ್ಯಾಪಾರದ ಮೂಲಕ ಬಂದವು. ಚಕ್ರವರ್ತಿಗೆ ತೆರಿಗೆ ಕೊಡುವ ಪ್ರಶ್ನೆ ಬಂದಾಗ ಯೇಸುವಿಗೆ ತೋರಿಸಿದ ನಾಣ್ಯವೂ ಇದೇ ಜಾತಿಯದು.

ಈ ಹಿನ್ನೆಲೆಯಲ್ಲಿ ಲೂಕ 3:14 ಓದಬೇಕು. ಸ್ನಾನಿಕ ಯೊವಾನ್ನರ ಬಳಿಗೆ ಸುಂಕದವರ ಬೆನ್ನಿಗೇ ಸೈನಿಕರೂ ಬಂದು ತಾವೇನು ಮಾಡಬೇಕೆಂದು ಕೇಳುತ್ತಾರೆ. ಹೆದರಿಸಿ ಹಣ ಕೀಳಬೇಡಿ, ಸುಳ್ಳು ದೂರು ಹೊರಿಸಬೇಡಿ, ನಿಮ್ಮ ಸಂಬಳದಲ್ಲಿ ತೃಪ್ತರಾಗಿರಿ ಎಂಬ ಅರ್ಥದ ಉತ್ತರ ಅವರಿಗೆ ಸಿಗುತ್ತದೆ. ಇವರು ಯುದ್ಧರಂಗದ ಸೈನಿಕರಲ್ಲ, ತೆರಿಗೆ ವಸೂಲಿಯವರ ಜೊತೆ ಹೋಗುವ ಸ್ಥಳೀಯ ಕಾವಲು ಪಡೆ ಎಂದು ತೋರುತ್ತದೆ. ಹಳೆಯ ಮೈಸೂರು ಸೀಮೆಯಲ್ಲಿ 'ಕಂದಾಚಾರ' ಎಂಬ ಇಲಾಖೆ ಇತ್ತು. ಇಂದು ಆ ಪದಕ್ಕೆ ಮೂಢ ಆಚರಣೆ ಎಂಬ ಅರ್ಥವೇ ಹೆಚ್ಚು. ಆಗ ಅದು ಹಳ್ಳಿಹಳ್ಳಿಯ ಆಯುಧಧಾರಿ ಕಾಲಾಳುಗಳ ಪಡೆ. ಕಾವಲು, ಪೊಲೀಸು, ಕಂದಾಯದ ಕೆಲಸ ಎಲ್ಲಕ್ಕೂ ಅವರೇ. ಲೂಕನ ಸೈನಿಕರನ್ನು ಮಕ್ಕಳಿಗೆ ವಿವರಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ಸಿಗದು.

ಇನ್ನೊಂದು ಮಾತು 'ಒಂದು ಮೈಲಿ' ಬಗ್ಗೆ. ಯಾರಾದರೂ ಒಂದು ಮೈಲಿ ಬಲವಂತ ಮಾಡಿದರೆ ಎರಡು ಮೈಲಿ ಹೋಗಬೇಕೆಂದು ಯೇಸು ಬೋಧಿಸುತ್ತಾರೆ (ಮತ್ತಾ. 5:41). ಅಲ್ಲಿರುವ ಮೂಲ ಗ್ರೀಕ್ ಕ್ರಿಯಾಪದದ ಬೇರು ಪರ್ಷಿಯದ ಅಂಚೆ ವ್ಯವಸ್ಥೆಯಿಂದ ಬಂದದ್ದು. ಸರ್ಕಾರದ ಕೆಲಸಕ್ಕೆ ಜನರನ್ನೂ ಪ್ರಾಣಿಗಳನ್ನೂ ಹಿಡಿಯುವುದು ಎಂದು ಅದರ ಅರ್ಥ. ಸೈರೇನಿನ ಸಿಮೋನನಿಗೆ ಶಿಲುಬೆ ಹೊರಿಸಿದ ಪ್ರಸಂಗದಲ್ಲೂ (ಮತ್ತಾ. 27:32) ಅದೇ ಕ್ರಿಯಾಪದವಿದೆ. ನಮ್ಮ ಭಾಷೆಯಲ್ಲಿ ಅದಕ್ಕೆ ಒಂದೇ ಮಾತು: ಬಿಟ್ಟಿ. ಈ ಪದ್ಧತಿಯನ್ನು ಹತೋಟಿಗೆ ತರಲು ರೋಮಿನ ಅಧಿಕಾರಿಗಳೇ ಪ್ರಯತ್ನಿಸಿದ್ದರು. ಇಂದಿನ ಟರ್ಕಿಯ ಸಗಲಾಸ್ಸೊಸ್ ಊರಿಗೆ ಸೇರಿದ, ತಿಬೇರಿಯನ ಕಾಲದ ಶಾಸನವೊಂದು ಯಾವ ಅಧಿಕಾರಿಗೆ ಎಷ್ಟು ಗಾಡಿ, ಎಷ್ಟು ಹೇಸರಗತ್ತೆ, ಎಷ್ಟು ಬಾಡಿಗೆ ಎಂದು ಪಟ್ಟಿ ಮಾಡಿದೆ. ಪಟ್ಟಿ ಮಾಡಬೇಕಾಯಿತೆಂದರೆ ದುರುಪಯೋಗ ಎಷ್ಟಿತ್ತೆಂದು ಊಹಿಸಬಹುದು.

ದಂಡು ನಡೆಯಬೇಕಾದರೆ ಎತ್ತು, ಗಾಡಿ, ಚರ್ಮ, ಕಂಬಳಿ ಬೇಕು. ಹುಣಸೂರಿನ ಇತಿಹಾಸ ಇದನ್ನು ಚೆನ್ನಾಗಿ ತಿಳಿಸುತ್ತದೆ. ಚಿಕ್ಕದೇವರಾಜ ಒಡೆಯರ ಕಾಲದ 'ಬೆಣ್ಣೆ ಚಾವಡಿ'ಗೆ ಟಿಪ್ಪು ಸುಲ್ತಾನನು 'ಅಮೃತ ಮಹಲ್' ಎಂದು ಹೆಸರಿಟ್ಟನು. ತೋಪು ಎಳೆಯುವ ಆ ಪ್ರಸಿದ್ಧ ಎತ್ತುಗಳ ಇಲಾಖೆಗೆ 19ನೇ ಶತಮಾನದಲ್ಲಿ ಹುಣಸೂರೇ ಕೇಂದ್ರ. ಮದರಾಸು ಸೇನೆಗಾಗಿ ಚರ್ಮ ಹದಮಾಡುವ ಕಾರ್ಖಾನೆಯೂ ಕಂಬಳಿ ತಯಾರಿಕೆಯೂ ಮರದ ಡಿಪೋವೂ ಅಲ್ಲಿದ್ದವು.

ಕೊರ್ನೇಲಿಯ ಮನೆ ಮತ್ತು ಚರ್ಮಕಾರನ ಮನೆ

ಹುಣಸೂರಿನ ಚರ್ಮದ ಮಾತು ಬಂದದ್ದರಿಂದ ಪ್ರೇಷಿತರ ಕಾರ್ಯಕಲಾಪಗಳ 10ನೇ ಅಧ್ಯಾಯಕ್ಕೆ ಬರೋಣ. ಸೆಜರೇಯದಲ್ಲಿ ಇತಾಲ್ಯ ದಳದ ಶತಾಧಿಪತಿ ಕೊರ್ನೇಲಿ. ಸುಮಾರು 50 ಕಿಲೋಮೀಟರ್ ದಕ್ಷಿಣಕ್ಕೆ ಜೊಪ್ಪದಲ್ಲಿ ಸಂತ ಪೇತ್ರ. ಪೇತ್ರನು ತಂಗಿದ್ದದ್ದು ಚರ್ಮ ಹದಮಾಡುವ ಸಿಮೋನನ ಮನೆಯಲ್ಲಿ, ಕಡಲ ದಂಡೆಯ ಮೇಲೆ. ಸತ್ತ ಪ್ರಾಣಿಗಳ ಚರ್ಮ ಮುಟ್ಟುವ ಈ ಕಸುಬನ್ನು ಯೆಹೂದ್ಯ ಸಮಾಜ ಕೀಳಾಗಿ ಕಾಣುತ್ತಿತ್ತು. ವಾಸನೆಯ ಕಾರಣ ಅವರ ಮನೆ ಊರಿನ ಅಂಚಿನಲ್ಲಿ. ನಮ್ಮ ನಾಡಿನಲ್ಲಿ ಇದೇ ಕಸುಬಿನವರನ್ನು ಊರ ಹೊರಗಿಟ್ಟ ಕಥೆಯನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಆ ಅಧ್ಯಾಯದ ಕ್ರಮ ನೋಡಿ. ಪೇತ್ರನು ಮೊದಲು ಸ್ವಂತ ಜನರೇ ದೂರವಿಟ್ಟವನ ಮನೆಯಲ್ಲಿ ಉಣ್ಣುತ್ತಾನೆ. ಆಮೇಲೆ ಪರಕೀಯ ಸೇನಾಧಿಕಾರಿಯ ಹೊಸ್ತಿಲು ದಾಟುತ್ತಾನೆ. ಯಾವುದನ್ನೂ ಯಾರನ್ನೂ ಅಶುದ್ಧವೆನ್ನಬಾರದೆಂಬ ದರ್ಶನ ಅವನಿಗೆ ಸಿಕ್ಕಿದ್ದು ಚರ್ಮಕಾರನ ಮನೆಯ ಮಾಳಿಗೆಯ ಮೇಲೆಯೇ. ಸೈನಿಕನ ದೀಕ್ಷಾಸ್ನಾನದ ಬಗ್ಗೆ ಮಾತಾಡುವಾಗ ಚರ್ಮಕಾರನ ಆತಿಥ್ಯವನ್ನು ಬಿಟ್ಟುಬಿಡುವುದು ನ್ಯಾಯವಲ್ಲ.

ಇತಾಲ್ಯ ದಳ ಎಂಬುದು ಕಲ್ಪನೆಯ ಹೆಸರಲ್ಲ. 'ಎರಡನೆಯ ಇತಾಲ್ಯ ದಳ'ಕ್ಕೆ ಸೇರಿದ, ಸಿರಿಯದ ಕಡೆ ಸೇವೆಯಲ್ಲಿದ್ದ ಸೈನಿಕನೊಬ್ಬನ ಸಮಾಧಿಶಿಲೆ ಆಸ್ಟ್ರಿಯದ ಕಾರ್ನುಂತಂನಲ್ಲಿ ಸಿಕ್ಕಿದೆ. ಅದು ಕ್ರಿ.ಶ. 70ರ ಆಸುಪಾಸಿನದು. ಹುಣಸೂರು, ಕೋಟೆ ತಾಲೂಕುಗಳ ಹೊಲಬದುವಿನ ವೀರಗಲ್ಲುಗಳಂತೆ ಇಂಥ ಶಿಲೆಗಳೇ ಸಾಮಾನ್ಯ ಸೈನಿಕರ ಬಗ್ಗೆ ನಮಗೆ ಮಾಹಿತಿ ಕೊಡುತ್ತವೆ.

ಶಿಲುಬೆಯ ಬಳಿ ನಿಂತವರು

ಯಾತನೆಯ ವೃತ್ತಾಂತದಲ್ಲಿ ಸೈನಿಕ ಜೀವನದ ಸಣ್ಣ ವಿವರಗಳು ಹಲವಿವೆ. ಮತ್ತಾಯನು ಹೇಳುವ ಕೆಂಪು ಮೇಲಂಗಿ ಸೈನಿಕರು ತೊಡುವಂಥದ್ದು. ಅರಸನ ನೇರಳೆ ವಸ್ತ್ರದ ಬದಲಿಗೆ ಕೈಗೆ ಸಿಕ್ಕಿದ ಹಳೆಯ ಬಟ್ಟೆ. ಯೊವಾನ್ನನು ಉಡುಪನ್ನು ನಾಲ್ಕು ಪಾಲು ಮಾಡಿದರೆಂದು ಬರೆಯುತ್ತಾನೆ (19:23). ನಾಲ್ವರ ತಂಡವೇ ಅಂಥ ಕೆಲಸಕ್ಕೆ ನೇಮಕವಾಗುತ್ತಿತ್ತು. ಪೇತ್ರನನ್ನು ಸೆರೆಯಲ್ಲಿ ಕಾದವರೂ ನಾಲ್ವರಂತೆ ನಾಲ್ಕು ತಂಡ, ಒಟ್ಟು 16 ಜನ (ಪ್ರೇ.ಕಾ. 12:4). ಸ್ಪಂಜಿನಲ್ಲಿ ಎತ್ತಿ ಕೊಟ್ಟ ಹುಳಿ ದ್ರಾಕ್ಷಾರಸ ವಿಷವೂ ಅಲ್ಲ, ವಿಶೇಷ ಪಾನೀಯವೂ ಅಲ್ಲ; ನೀರು ಬೆರೆಸಿ ಸೈನಿಕರು ದಿನವೂ ಕುಡಿಯುವ ಅಗ್ಗದ ಪೇಯ. ಅದನ್ನು ಅಣಕಕ್ಕೆ ಕೊಟ್ಟರೆಂದು ಲೂಕನ ವರದಿ. ಬಾಯಾರಿಕೆ ಎಂದಾಗ ಕೊಟ್ಟರೆಂದು ಯೊವಾನ್ನನ ವರದಿ.

ಶಿಲುಬೆಯ ಮರಣ ರೋಮಿನ ದಂಡನೆ, ರೋಮಿನ ರಾಜ್ಯಪಾಲನ ತೀರ್ಪು, ಅವನ ಸೈನಿಕರ ಕೈಕೆಲಸ. 1968ರಲ್ಲಿ ಜೆರುಸಲೇಮಿನ ಹೊರವಲಯದ ಸಮಾಧಿಯೊಂದರಲ್ಲಿ ಯೆಹೋಹಾನನ್ ಎಂಬ ಮನುಷ್ಯನ ಮೂಳೆಗಳು ದೊರೆತವು. ಹಿಮ್ಮಡಿಯ ಮೂಳೆಯಲ್ಲಿ ಕಬ್ಬಿಣದ ಮೊಳೆ ಹಾಗೆಯೇ ಉಳಿದಿತ್ತು. ಯೇಸು ಒಬ್ಬರೇ ಅಲ್ಲ, ಆ ನಾಡಿನ ಸಾವಿರಾರು ಜನ ಹೀಗೆ ಸತ್ತರು. ಹೀಗಿರುವಾಗ ಯೇಸುವಿನ ಮರಣದ ಹೊಣೆಯನ್ನು ಇಡೀ ಯೆಹೂದ್ಯ ಜನಾಂಗದ ಮೇಲೆ ಹೊರಿಸುವುದು ಇತಿಹಾಸಕ್ಕೂ ವಿರುದ್ಧ, ಧರ್ಮಸಭೆಯ ಬೋಧನೆಗೂ ವಿರುದ್ಧ. ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಇದನ್ನು ಸ್ಪಷ್ಟವಾಗಿ ಸಾರಿದೆ. ಶುಭ ಶುಕ್ರವಾರದ ಪ್ರಬೋಧನೆಯಲ್ಲೂ ನಾಟಕದಲ್ಲೂ ನಾವು ಎಚ್ಚರ ವಹಿಸಬೇಕಾದ ಸ್ಥಳ ಇದೇ. ಆ ತಪ್ಪು ಬೋಧನೆಯ ಫಲವಾಗಿ ಯೂರೋಪಿನಲ್ಲಿ ನಿರಪರಾಧಿಗಳ ರಕ್ತ ಹರಿದಿದೆ.

ಸಾಮ್ರಾಜ್ಯದ ಮರಣದಂಡನೆಯ ನೆನಪು ಹೆಗ್ಗಡದೇವನಕೋಟೆ ತಾಲೂಕಿನ ಬೆಳತೂರಿನಲ್ಲೂ ಇದೆ. 1057ರ ಶಾಸನವು ದೇಕಬ್ಬೆ ಎಂಬ ಹೆಣ್ಣುಮಗಳ ಕಥೆ ತಿಳಿಸುತ್ತದೆ. ಅವಳ ಗಂಡ ಏಚನು ಮಲ್ಲಯುದ್ಧದಲ್ಲಿ ಅರಸನ ಬಂಧುವನ್ನು ಕೊಂದದ್ದಕ್ಕಾಗಿ ಚೋಳರ ಆಜ್ಞೆಯಂತೆ ಪ್ರಾಣ ಕಳೆದುಕೊಂಡನು. ಅವಳು ಬೆಂಕಿಗೆ ಬಿದ್ದಳು. ಆ ಆಚಾರವನ್ನು ನಾವು ಯಾರೂ ಮೆಚ್ಚುವುದಿಲ್ಲ. ಆದರೆ ಒಡೆಯರು ಕೊಂದವನ ಹೆಸರನ್ನು ಊರಿನವರು ಕಲ್ಲಿನಲ್ಲಿ ಉಳಿಸಿದರು ಎಂಬುದು ಮನಸ್ಸಿಗೆ ತಟ್ಟುತ್ತದೆ. ಶುಭಸಂದೇಶಗಳೂ ಒಂದರ್ಥದಲ್ಲಿ ಸರ್ಕಾರ ಕೊಂದ ಒಬ್ಬಾತನನ್ನು ಮರೆಯಲು ನಿರಾಕರಿಸಿದವರ ಬರಹಗಳು.

ಶಿಲುಬೆಯ ಬಳಿಯ ಶತಾಧಿಪತಿಯ ವಿಷಯ. ಮಾರ್ಕನು ಇಲ್ಲಿ ಗ್ರೀಕ್ ಪದ ಬಿಟ್ಟು ಲ್ಯಾಟಿನ್ ಪದವನ್ನೇ ಬಳಸುತ್ತಾನೆ (15:39). ಮರಣವನ್ನು ಖಚಿತಪಡಿಸುವುದು ಅವನ ಕೆಲಸ. ಪಿಲಾತನು ಅವನನ್ನು ಕರೆಸಿ ಕೇಳಿದ ನಂತರವೇ ದೇಹವನ್ನು ಬಿಟ್ಟುಕೊಟ್ಟನು. ನಾವು ಅವನನ್ನು, ಅಥವಾ ಭರ್ಜಿಯಿಂದ ತಿವಿದವನನ್ನು, 'ಲೊಂಜಿನುಸ್' ಎಂದು ಕರೆಯುತ್ತೇವೆ. ಈ ಹೆಸರು ಶುಭಸಂದೇಶಗಳಲ್ಲಿ ಇಲ್ಲ. ಪಿಲಾತನ ಕಾರ್ಯಗಳು ಎಂಬ ನಂತರದ ಬರಹದಲ್ಲಿ ಬರುತ್ತದೆ. ಭರ್ಜಿಗೆ ಗ್ರೀಕಿನಲ್ಲಿ 'ಲೊಂಖೆ' ಎನ್ನುತ್ತಾರೆ. ಹೆಸರು ಅದರಿಂದಲೇ ಹುಟ್ಟಿರಬೇಕು. ಮಂಜೇಶ್ವರದ ರಾಷ್ಟ್ರಕವಿ ಗೋವಿಂದ ಪೈಯವರು 'ಗೊಲ್ಗೊಥಾ' ಬರೆದಾಗಿನಿಂದ ಈ ದೃಶ್ಯ ಕನ್ನಡ ಸಾಹಿತ್ಯದ ಸೊತ್ತೂ ಆಗಿದೆ.

ಪೌಲನ ಕಾವಲುಗಾರರು

ಸಂತ ಪೌಲನ ಕೊನೆಯ ವರ್ಷಗಳು ಬಹುಪಾಲು ಸೈನಿಕರ ನಡುವೆ ಕಳೆದವು. ದೇವಾಲಯದ ಅಂಗಳದಲ್ಲಿ ಜನ ಹೊಡೆದು ಕೊಲ್ಲಲು ನುಗ್ಗಿದಾಗ ಪಕ್ಕದ ಕೋಟೆಯಿಂದ ಇಳಿದು ಬಂದು ಬಿಡಿಸಿದವರು ಸೈನಿಕರು. ಅವನನ್ನು ರಾತ್ರೋರಾತ್ರಿ ಸೆಜರೇಯಕ್ಕೆ ಕಳುಹಿಸುವಾಗ ಲೂಸಿಯನು ಕೊಟ್ಟ ಬೆಂಗಾವಲು 470 ಜನ (ಪ್ರೇ.ಕಾ. 23:23). ರೋಮಿನ ಹಡಗು ಪ್ರಯಾಣದಲ್ಲಿ ಜೂಲಿಯನೆಂಬ ಶತಾಧಿಪತಿ ಜೊತೆಗಿದ್ದನು. ಹಡಗು ಒಡೆದಾಗ ಕೈದಿಗಳು ತಪ್ಪಿಸಿಕೊಳ್ಳಬಾರದೆಂದು ಸೈನಿಕರು ಎಲ್ಲರನ್ನೂ ಕೊಲ್ಲಲು ಯೋಚಿಸಿದರು, ಕೈದಿ ಓಡಿಹೋದರೆ ಕಾವಲುಗಾರನೇ ಶಿಕ್ಷೆ ಅನುಭವಿಸಬೇಕಿತ್ತು. ಜೂಲಿಯನು ತಡೆದನು. ಹಡಗಿನಲ್ಲಿದ್ದ 276 ಜನರೂ ದಡ ಸೇರಿದರು.

ಇಲ್ಲಿ ಕಲಿಯಬೇಕಾದದ್ದು: ಅದೇ ಸೇನೆ, ಅದೇ ನಿಯಮ, ಆದರೆ ಒಬ್ಬ ಅಧಿಕಾರಿಯ ಒಂದು ತೀರ್ಮಾನದಿಂದ ಅನೇಕ ಪ್ರಾಣಗಳು ಉಳಿದವು.

ದಂಡು ಬಂದ ಊರು

ಜನರ ದಂಗೆಯನ್ನು ಅಡಗಿಸಲು ನಿಜವಾಗಿಯೂ ಲೀಜನ್‌ಗಳು ಬಂದದ್ದು ಯೇಸುವಿನ ಮರಣದ ಸುಮಾರು 40 ವರ್ಷಗಳ ನಂತರ. ಕ್ರಿ.ಶ. 70ರಲ್ಲಿ ತೀತನು ನಾಲ್ಕು ಲೀಜನ್‌ಗಳೊಂದಿಗೆ ಜೆರುಸಲೇಮಿಗೆ ಮುತ್ತಿಗೆ ಹಾಕಿ ದೇವಾಲಯವನ್ನು ಸುಟ್ಟನು. ಹತ್ತನೆಯ ಲೀಜನ್ ಅಲ್ಲಿಯೇ ನೆಲೆಸಿತು. ಅದರ ಲಾಂಛನಗಳಲ್ಲಿ ಒಂದು ಕಾಡುಹಂದಿ. ಮಾರ್ಕ 5ರಲ್ಲಿ ದೆವ್ವವು ತನ್ನ ಹೆಸರು 'ಲೀಜನ್' ಎಂದು ಹೇಳಿ ಹಂದಿಗಳೊಳಗೆ ಹೋಗುವ ಪ್ರಸಂಗವನ್ನು ಆ ಕಾಲದ ಓದುಗರು ಯಾವ ಭಾವನೆಯಿಂದ ಕೇಳಿರಬಹುದು ಎಂದು ಕೆಲವು ವಿದ್ವಾಂಸರು ಗಮನ ಸೆಳೆದಿದ್ದಾರೆ.

ಪಿರಿಯಾಪಟ್ಟಣ ಇಂಥ ಅನುಭವವನ್ನು ಬಲ್ಲದು. 1791ರಲ್ಲಿ ಜನರಲ್ ಅಬರ್‌ಕ್ರಾಂಬಿಯ ಬೊಂಬಾಯಿ ಸೇನೆ ಕೊಡಗಿನ ದಾರಿಯಾಗಿ ಬರುತ್ತಿದ್ದಾಗ, ಶತ್ರುವಿಗೆ ಆಸರೆಯಾಗಬಾರದೆಂದು ಮೈಸೂರಿನ ಕಡೆಯವರೇ ಊರಿನ ಮನೆಗಳನ್ನು ನಾಶಪಡಿಸಿ ಕೋಟೆಯ ಭಾಗವನ್ನೂ ಕೆಡವಿದರು. 1799ರ ಮಾರ್ಚ್ 6ರಂದು ಸಮೀಪದ ಸಿದ್ದೇಶ್ವರದಲ್ಲಿ ಮತ್ತೆ ಯುದ್ಧ ನಡೆಯಿತು. ಯಾರೇ ಗೆಲ್ಲಲಿ, ಮನೆ ಕಳೆದುಕೊಂಡವರು ಊರಿನವರು. ಕರಾವಳಿಯ ನಮ್ಮ ಕ್ರೈಸ್ತ ಕುಟುಂಬಗಳಿಗೂ 1784ರಲ್ಲಿ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಒಯ್ದ ಸೆರೆವಾಸದ ನೆನಪಿದೆ. ಆ ಸೆರೆಯವರಲ್ಲಿ ಅನೇಕ ಯುವಕರನ್ನು ಸೇನೆಗೇ ಸೇರಿಸಲಾಯಿತು. ಈ ನೆನಪು ದ್ವೇಷಕ್ಕೆ ಬಳಕೆಯಾಗಬಾರದು. ಬಲವಂತದಿಂದ ಸೈನಿಕರಾದವರೂ ಸೈನಿಕರ ಕೈಗೆ ಸಿಕ್ಕವರೂ ಒಂದೇ ಮನೆಯವರಾಗಿರಬಹುದು ಎಂಬ ತಿಳುವಳಿಕೆಗೆ ಅದು ದಾರಿಯಾಗಬೇಕು.

ನಂತರದ ಧರ್ಮಸಭೆ ಮತ್ತು ಸೈನಿಕರು

ಕೊರ್ನೇಲಿಗೆ ಕೆಲಸ ಬಿಡೆಂದು ಪೇತ್ರನು ಹೇಳಿದಂತೆ ಬರೆದಿಲ್ಲ, ಮುಂದುವರಿಯೆಂದೂ ಬರೆದಿಲ್ಲ. ಆದ್ದರಿಂದ ಕ್ರೈಸ್ತನು ಸೈನಿಕನಾಗಬಹುದೇ ಎಂಬ ಚರ್ಚೆ ಶತಮಾನಗಳ ಕಾಲ ನಡೆಯಿತು. ಆಫ್ರಿಕದ ತೆರ್ತುಲ್ಯಾನನು ಬೇಡವೆಂದು ವಾದಿಸಿದನು. 295ರಲ್ಲಿ ಮ್ಯಾಕ್ಸಿಮಿಲಿಯನ್ ಎಂಬ ಯುವಕ ಸೇನೆ ಸೇರಲು ನಿರಾಕರಿಸಿ, 298ರಲ್ಲಿ ಮಾರ್ಸೆಲ್ಲುಸ್ ಎಂಬ ಶತಾಧಿಪತಿ ತನ್ನ ಪದವಿಯನ್ನು ತ್ಯಜಿಸಿ ರಕ್ತಸಾಕ್ಷಿಗಳಾದರು. ಸೇನೆಯಲ್ಲಿದ್ದುಕೊಂಡೇ ವಿಶ್ವಾಸಕ್ಕಾಗಿ ಪ್ರಾಣ ಕೊಟ್ಟವರೆಂದು ಸಂತ ಸೆಬಾಸ್ಟಿಯನ್ನರನ್ನು ಸಂಪ್ರದಾಯ ನೆನೆಯುತ್ತದೆ. ನಮ್ಮ ಬೆಂದೂರು, ಪೆರ್ಮನ್ನೂರು ದೇವಾಲಯಗಳು ಅವರ ಹೆಸರಿನವು. ಸಂಸ್ಕಾರಗಳಿಗೆ ಲ್ಯಾಟಿನಿನಲ್ಲಿ ಬಳಸುವ 'ಸಕ್ರಮೆಂತುಂ' ಎಂಬ ಪದವೂ ಮೊದಲಿಗೆ ರೋಮಿನ ಸೈನಿಕರ ಪ್ರತಿಜ್ಞೆಯ ಹೆಸರಾಗಿತ್ತು.

ಬೋಧಿಸುವವರ ಗಮನಕ್ಕೆ

1. ಕಫೆರ್ನವುಮಿನ ಶತಾಧಿಪತಿ, ಶಿಲುಬೆಯ ಬಳಿಯ ಶತಾಧಿಪತಿ, ಕೊರ್ನೇಲಿ ಮತ್ತು ಜೂಲಿಯ ನಾಲ್ವರು ಬೇರೆಬೇರೆ ವ್ಯಕ್ತಿಗಳು. ಮಕ್ಕಳು ಇವರನ್ನು ಒಬ್ಬನೇ ಎಂದು ತಿಳಿಯದಿರಲಿ.

2. ಗಲಿಲೇಯದ ಸೈನಿಕರು ಹೆರೋದ ಅಂತಿಪನವರು, ಜುದೇಯದ ಸೈನಿಕರು ಪಿಲಾತನವರು. ಲೀಜನ್‌ಗಳು ಸಿರಿಯದಲ್ಲಿದ್ದವು.

3. ನಾಟಕ ಮತ್ತು ಸಜೀವ ಶಿಲುಬೆ ಹಾದಿಯಲ್ಲಿ ಯೇಸುವನ್ನು ಹೊಡೆಯುವವರನ್ನೂ ಮೊಳೆ ಜಡಿಯುವವರನ್ನೂ ಪಿಲಾತನ ಸೈನಿಕರಾಗಿಯೇ ತೋರಿಸಿ. ಯೆಹೂದ್ಯ ಜನಾಂಗವನ್ನು ಹಳಿಯುವ ಮಾತುಗಳನ್ನು ಸಂಭಾಷಣೆಯಿಂದ ತೆಗೆಯಿರಿ.

4. ಸಿಮೋನನು ಶಿಲುಬೆ ಹೊತ್ತದ್ದು ಸ್ವಂತ ಇಚ್ಛೆಯಿಂದಲ್ಲ, ಬಿಟ್ಟಿಯಾಗಿ. ಅದನ್ನು ಹೇಳಿದ ಮೇಲೆಯೇ ಅದು ಕೃಪೆಯಾದದ್ದು ಹೇಗೆಂದು ಹೇಳಿ.

5. ಧರ್ಮಕೇಂದ್ರದಲ್ಲಿ ಸೇನೆ, ಪೊಲೀಸು, ಅರಣ್ಯ ಕಾವಲು ಕೆಲಸದಲ್ಲಿರುವ ಕುಟುಂಬಗಳಿದ್ದರೆ ಲೂಕ 3:14 ಅವರಿಗೆ ನೇರವಾಗಿ ಸಲ್ಲುವ ವಾಕ್ಯ. ಅದರಲ್ಲಿ ಅವಮಾನವಿಲ್ಲ, ಗೌರವವಿದೆ. ಯೊವಾನ್ನರು ಅವರನ್ನು ಹಿಂದಕ್ಕೆ ಅಟ್ಟಲಿಲ್ಲ, ಉತ್ತರ ಕೊಟ್ಟರು.

ಸೈನಿಕರ ಕೈಯಿಂದಲೇ ಯೇಸುಸ್ವಾಮಿಗೆ ಮೊಳೆ ಬಿತ್ತು, ಸೈನಿಕನ ಬಾಯಿಂದಲೇ ಅವರು ದೇವಪುತ್ರರೆಂಬ ಸಾಕ್ಷ್ಯವೂ ಬಂತು. ಅಧಿಕಾರ ಕೈಯಲ್ಲಿರುವ ಪ್ರತಿಯೊಬ್ಬರ ಮುಂದೆಯೂ ಈ ಎರಡು ದಾರಿಗಳಿವೆ: ಸಹಸ್ರಾಧಿಪತಿಗೂ ಇವೆ, ಹಳ್ಳಿಯ ಕಾವಲುಗಾರನಿಗೂ ಇವೆ, ದೇವಾಲಯದ ಕಮಿಟಿಯಲ್ಲಿ ಕುಳಿತಿರುವ ನಮಗೂ ಇವೆ. ಮುಂದಿನ ಸಲ ಮಡಿಕೇರಿ ಮಾರ್ಗದಲ್ಲಿ ಪಿರಿಯಾಪಟ್ಟಣ ದಾಟುವಾಗ ಅಥವಾ ದೋರನಹಳ್ಳಿಗೆ ಹೊರಟಾಗ, ಆ ನೆಲದಲ್ಲಿ ದಂಡು ನಡೆದ ದಾರಿಗಳನ್ನೂ ಬಿಟ್ಟಿ ದುಡಿದ ಹೆಸರಿಲ್ಲದ ಜನರನ್ನೂ ಓದುಗರು ಒಂದು ಕ್ಷಣ ನೆನೆಯಲಿ ಎಂದು ಆಶಿಸುತ್ತೇವೆ.